ರಿಲೀವರ್ ಬರುವ ತನಕ

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ನಿವೃತ್ತಳಾದವಳು ಎಂದರೆ ನಮ್ಮ ಬೀದಿಯ ಹುಡುಗರು ಈಗಲೂ ನಗುತ್ತಾರೆ. "ಆಂಟಿ, ಕೋಡಿಂಗ್ ಮಾಡ್ತಿದ್ರಾ?" ಎಂದು ಕೇಳುತ್ತಾರೆ. ಇಲ್ಲಪ್ಪ, ಫೋನ್ ಎತ್ತುತ್ತಿದ್ದೆ ಎಂದರೆ ಇನ್ನೂ ಜೋರಾಗಿ ನಗುತ್ತಾರೆ. ಮೊನ್ನೆ ಎದುರುಮನೆಯ ಶ್ವೇತಾ ಯಾವುದೋ ಕಂಪನಿಯಲ್ಲಿ ಸಪೋರ್ಟ್ ಕೆಲಸ ಸಿಕ್ಕಿತೆಂದು ಮೈಸೂರು ಪಾಕ್ ತಂದುಕೊಟ್ಟು, "ಅದರಲ್ಲಿ ಏನ್ ಮಾಡ್ಬೇಕು ಆಂಟಿ?" ಎಂದಳು. ಕೆಲಸ ಸಿಕ್ಕ ಮೇಲೆ ಕೆಲಸ ಏನೆಂದು ಕೇಳುವುದು ಈಗಿನ ಪದ್ಧತಿ ಇರಬೇಕು. ನಾನೂ ಹಾಗೆಯೇ ಸೇರಿದವಳಾದ್ದರಿಂದ ಅವಳನ್ನು ಆಡಿಕೊಳ್ಳುವ ಹಾಗಿಲ್ಲ. ಅವತ್ತು ಅವಳಿಗೆ ಜಗುಲಿಯ ಮೇಲೆ ಕೂತು ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಬಡ್ತಿಯ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಸೇರಿದಾಗ ನನ್ನ ಹುದ್ದೆಯ ಹೆಸರು 'ಸಪೋರ್ಟ್'. ನಿವೃತ್ತಿಯಾದಾಗ 'ಸೀನಿಯರ್ ಸಪೋರ್ಟ್'. ನಡುವೆ ಯಾವಾಗಲೋ ಕುರ್ಚಿಗೆ ಒಂದು ಮೆತ್ತೆ ಬಂತು. ಅದಕ್ಕಿಂತ ಹೆಚ್ಚಿಗೆ ಹೇಳುವಂಥದ್ದೇನೂ ಇಲ್ಲ.

ಅದಕ್ಕೂ ಮೊದಲು ನಾನು ಭದ್ರಾವತಿಯ ಒಂದು ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನು, ಎದುರಿಗೆ ತೂತು ತೂತಿನ ದೊಡ್ಡ ಬೋರ್ಡು, ಕೈಯಲ್ಲಿ ತಂತಿಯ ಪ್ಲಗ್ಗು. ಯಾರಿಗೆ ಯಾರು ಬೇಕೋ ಅವರ ತೂತಿಗೆ ಪ್ಲಗ್ ಚುಚ್ಚಿ ಮಾತು ಕೂಡಿಸುವುದು ನಮ್ಮ ಕೆಲಸ. ಅಲ್ಲಿ ಒಂದು ನಿಯಮವಿತ್ತು. ಬೋರ್ಡಿನ ಮುಂದಿನ ಕುರ್ಚಿ ಒಂದು ಗಳಿಗೆಯೂ ಖಾಲಿ ಇರಬಾರದು. ಶಿಫ್ಟ್ ಮುಗಿಯಿತೆಂದು ಸೈರನ್ ಕೂಗಿದರೆ ಏಳುವ ಹಾಗಿಲ್ಲ. ಮುಂದಿನ ಶಿಫ್ಟಿನವಳು, ಅಂದರೆ ನಮ್ಮ ರಿಲೀವರ್, ಬಂದು ಬೆನ್ನ ಹಿಂದೆ ನಿಂತು, ಹೆಡ್‌ಫೋನ್ ಇಸಿದುಕೊಂಡು, "ಚಾರ್ಜ್ ತಗೊಂಡೆ" ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಏಳಬೇಕು. ನಮ್ಮ ಸೂಪರ್‌ವೈಸರ್ ವಿಶಾಲಾಕ್ಷಮ್ಮನವರು ಈ ವಿಷಯದಲ್ಲಿ ಹೆತ್ತ ಮಗಳನ್ನೂ ಬಿಡುವವರಲ್ಲ.

ಮದುವೆಯಾದ ಹೊಸದರಲ್ಲಿ ನಮ್ಮವರು ಸಿನಿಮಾ ಟಿಕೆಟ್ ತಂದು ಗೇಟಿನ ಹೊರಗೆ ಕಾದಿದ್ದರು. ನನ್ನ ರಿಲೀವರ್ ತರೀಕೆರೆಯಿಂದ ಬರಬೇಕಾದ ಬಸ್ಸು ಕೆಟ್ಟು ನಿಂತಿತ್ತು. ನಾನು ಥಿಯೇಟರ್ ಸೇರಿದಾಗ ಇಂಟರ್‌ವಲ್ ಆಗಿ, ನಮ್ಮವರು ಕಡ್ಲೆಕಾಯಿ ತಿಂದು ಮುಗಿಸಿದ್ದರು. ಅವರೂ ಅದೇ ಕಾರ್ಖಾನೆಯ ಕುಲುಮೆಯ ಹತ್ತಿರ ಶಿಫ್ಟ್ ಮಾಡುತ್ತಿದ್ದವರು, ಹಾಗಾಗಿ ಒಂದು ಮಾತೂ ಆಡಲಿಲ್ಲ. ಆ ಸಿನಿಮಾದ ನಾಯಕಿ ಯಾಕೆ ಮನೆ ಬಿಟ್ಟಳು ಎನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮಲ್ಲಿಗೆ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಬಂತು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಮೈತುಂಬ ಮಿಣುಕು ದೀಪ. ನಮಗೆಲ್ಲ ಸ್ವಯಂ ನಿವೃತ್ತಿ ಕೊಟ್ಟರು. ಕಡೆಯ ದಿನ ನನ್ನದು ಫಸ್ಟ್ ಶಿಫ್ಟ್. ಮಧ್ಯಾಹ್ನದ ಸೈರನ್ ಕೂಗಿತು. ಅಭ್ಯಾಸದಂತೆ ಕೂತೇ ಇದ್ದೆ. ಬೆನ್ನ ಹಿಂದೆ ಯಾರೂ ಬಂದು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ನೋಡಿ ವಿಶಾಲಾಕ್ಷಮ್ಮನವರೇ, "ಏಳು ಜಯಾ, ಇನ್ನು ಅದೇ ನೋಡ್ಕೊಳ್ಳುತ್ತೆ" ಎಂದರು. ಹೆಡ್‌ಫೋನನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಮೇಜಿನ ಮೇಲಿಟ್ಟು ಎದ್ದೆ. ಗೇಟು ದಾಟಿ ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಅಳು ಬಂತು. ಕೆಲಸ ಹೋದದ್ದಕ್ಕಿಂತ, ನಾನು ಎದ್ದರೂ ಅಲ್ಲಿ ಏನೂ ನಿಲ್ಲಲಿಲ್ಲವಲ್ಲ ಎನ್ನುವುದು ನನ್ನನ್ನು ಹೆಚ್ಚು ಕಾಡಿತು.

ಮನೆಯಲ್ಲಿ ಕೆಲವು ತಿಂಗಳು ಕೂತೆ. ಪಕ್ಕದ ಮನೆಯ ಫೋನ್ ರಿಂಗಾದರೂ ಕೈ ಮುಂದೆ ಹೋಗುತ್ತಿತ್ತು. ನಮ್ಮವರು ಮರುಕಪಟ್ಟು ವಿಶಾಲಾಕ್ಷಮ್ಮನವರ ಕಿವಿಗೆ ಹಾಕಿದರೆಂದು ಕಾಣುತ್ತದೆ. ಅವರ ಅಕ್ಕನ ಮಗ ಪ್ರಸನ್ನ ಶಿವಮೊಗ್ಗದಲ್ಲಿ ಸಾಫ್ಟ್‌ವೇರ್ ಕಂಪನಿ ಇಟ್ಟಿದ್ದಾನಂತೆ, ಅವನಿಗೆ ಫೋನ್ ನೋಡಿಕೊಳ್ಳಲು ಒಬ್ಬರು ಬೇಕಂತೆ, ಹೋಗಿ ಬಾ ಎಂದು ನಮ್ಮವರೇ ಬಂದು ಹೇಳಿದರು.

ಕಂಪನಿ ದುರ್ಗಿಗುಡಿಯಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲಿತ್ತು. ಬೋರ್ಡಿನಲ್ಲಿ ಬರೆದ ಹೆಸರು ಬಾಗಿಲಿಗಿಂತ ಅಗಲ. ಒಳಗೆ ಇದ್ದದ್ದು ಮೂರೇ ಜನ. ಮೂವತ್ತು ಮುಟ್ಟದ ಪ್ರಸನ್ನ ಮಾಲೀಕ. ಪ್ರೋಗ್ರಾಂ ಬರೆಯಲು ಅನಿಲ ಮತ್ತು ರೇಖಾ. ಅನಿಲ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ರೇಖಾ ಅವನ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದಳು. ರಕ್ತ, ಮೂತ್ರ ಪರೀಕ್ಷೆ ಮಾಡುವ ಸಣ್ಣ ಲ್ಯಾಬುಗಳಿಗೆ ವರದಿ ಅಚ್ಚು ಹಾಕಿಕೊಡುವ ಸಾಫ್ಟ್‌ವೇರ್ ಇವರು ಮಾರುತ್ತಿದ್ದದ್ದು. ಕಂಪ್ಯೂಟರ್ ಕೋಣೆಗೆ ಎ.ಸಿ. ಇತ್ತು, ಚಪ್ಪಲಿ ಹೊರಗೆ ಬಿಡಬೇಕಿತ್ತು. ಅದು ನಮ್ಮ ಎಕ್ಸ್‌ಚೇಂಜಿನಲ್ಲೂ ಇದ್ದ ಪದ್ಧತಿ. ಅಷ್ಟಕ್ಕೇ ನನಗೆ ಅರ್ಧ ಧೈರ್ಯ ಬಂತು.

ಪ್ರಸನ್ನ ನನ್ನ ಸಂದರ್ಶನ ಶುರುಮಾಡಿದ. "ನಿಮ್ಮ ಅನುಭವ ಸ್ವಲ್ಪ ಹೇಳಿ ಮೇಡಂ" ಎನ್ನುವಷ್ಟರಲ್ಲಿ ಮೇಜಿನ ಮೇಲಿನ ಫೋನ್ ರಿಂಗಾಯಿತು. ಯಾರೂ ಅಲುಗಾಡಲಿಲ್ಲ. ಅನಿಲ ಕಂಪ್ಯೂಟರಿನೊಳಗೆ ತಲೆ ತೂರಿಸಿದ. ರೇಖಾ ನೀರು ಕುಡಿಯಲು ಎದ್ದಳು. ಪ್ರಸನ್ನ ಏನೂ ಕೇಳಿಸದವನಂತೆ "ಹೂಂ, ಹೇಳಿ" ಎಂದ. ರಿಂಗಾಗುವ ಫೋನಿನ ಪಕ್ಕ ಸುಮ್ಮನೆ ಕೂರುವುದು ನನ್ನಿಂದ ಆಗುವ ಕೆಲಸವೇ? ಕೈ ತಾನಾಗಿ ಹೋಯಿತು, ಬಾಯಿ ತಾನಾಗಿ ತೆರೆಯಿತು.

"ನಮಸ್ಕಾರ, ಎಕ್ಸ್‌ಚೇಂಜ್."

ಆ ಕಡೆಯಿಂದ ಒಬ್ಬ ಗಂಡಸಿನ ದನಿ: "ಎಕ್ಸ್‌ಚೇಂಜಾ? ನಾನು ಕಂಪ್ಯೂಟರ್‌ನೋರಿಗೆ ಮಾಡಿದ್ನಲ್ಲ ಮಾರಾಯ್ತಿ!"

"ಅವರೇನೇ. ಹೇಳಿ, ಏನಾಗ್ಬೇಕು?"

ಏನೇನಾಗಬೇಕೋ ಎಲ್ಲ ಹೇಳಿದರು. ನಡುನಡುವೆ ಪ್ರಸನ್ನನ ವಂಶದ ಬಗ್ಗೆಯೂ ಎರಡು ಮಾತು ಹೇಳಿದರು. ನಾನು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಹೊಳೆಹೊನ್ನೂರಿನ ಲ್ಯಾಬಿನವ್ರು, ನಾಗರಾಜಪ್ಪ ಅಂತೆ. ತುಂಬ ಬೈತಿದಾರೆ. ಯಾರಿಗೆ ಕೊಡ್ಲಿ?" ಎಂದೆ. ಮೂವರೂ ಮೂರು ದಿಕ್ಕಿಗೆ ನೋಡಿದರು. ಪ್ರಸನ್ನ ಮೆಲ್ಲಗೆ, "ನಾಳೆಯಿಂದ ಬನ್ನಿ ಮೇಡಂ" ಎಂದ. ಆಮೇಲೆ ಸೇರಿಸಿದ: "ಆರು ತಿಂಗಳು ನೋಡೋಣ. ಸಣ್ಣ ಕಂಪನಿ. ಆಮೇಲೆ ಇಟ್ಕೊಳ್ಳೋಕೆ ಆಗುತ್ತೋ ಇಲ್ವೋ, ಈಗ್ಲೇ ಮಾತು ಕೊಡಲ್ಲ."

ಆರು ತಿಂಗಳು ಎನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಸಲ ಬೇಡವಾದವಳು ಎರಡನೇ ಸಲವೂ ಬೇಡವಾಗಬಾರದು ಎಂದು ಹಟ ಹುಟ್ಟಿತು. ಮೊದಲ ದಿನ ಭದ್ರಾವತಿಯಿಂದ ಬಸ್ಸು ಹತ್ತುವಾಗ ಹೊಸ ಸೀರೆ ಉಟ್ಟಿದ್ದೆ.

ಆರು ಗಂಟೆಗೆ ಆಫೀಸು ಮುಗಿಯುತ್ತದೆ ಎಂದಿದ್ದರು. ಆರಾಯಿತು. ನಾನು ಬಾಗಿಲ ಕಡೆ ನೋಡಿದೆ. ಯಾರೂ ಬರಲಿಲ್ಲ. ಅನಿಲ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿದ. ರೇಖಾ ಬ್ಯಾಗಿಗೆ ಡಬ್ಬಿ ತುಂಬಿ ಜಿಪ್ ಎಳೆದಳು, ನನ್ನನ್ನು ನೋಡಿ ಜಿಪ್ ಬಿಚ್ಚಿದಳು. ಎಂಥ ಶ್ರದ್ಧೆಯ ಮಕ್ಕಳು ಎಂದುಕೊಂಡೆ. ಸುಮಾರು ಹೊತ್ತಾದ ಮೇಲೆ ಪ್ರಸನ್ನ ಬೀಗದ ಕೈ ಹಿಡಿದು ಬಂದು, "ಹೊರಡೋಣ್ವಾ ಮೇಡಂ?" ಎಂದ. ಓಹೋ, ಇಲ್ಲಿ ಮಾಲೀಕರೇ ರಿಲೀವರ್ ಎಂದು ತಿಳಿದು, ಫೋನನ್ನು ಅವನ ಕಡೆಗೆ ತಿರುಗಿಸಿಟ್ಟು ಎದ್ದೆ.

ಹೀಗೆ ಎರಡು ವಾರ ನಡೆಯಿತು. ವಯಸ್ಸಾದ ಹೆಂಗಸು ಕೂತೇ ಇರುವಾಗ ತಾವು ಎದ್ದು ಹೋಗುವುದು ಹೇಗೆಂದು ಅನಿಲ, ರೇಖಾ. ಕೆಲಸಗಾರರು ಕೂತಿರುವಾಗ ಮಾಲೀಕ ಹೋಗುವುದು ಹೇಗೆಂದು ಪ್ರಸನ್ನ. ರಿಲೀವರ್ ಬಾರದೆ ಏಳುವುದು ಹೇಗೆಂದು ನಾನು. ನಮ್ಮ ಕಂಪನಿಯಲ್ಲಿ ಜನ ಎಂಟು ಗಂಟೆಯವರೆಗೆ ದುಡಿಯುತ್ತಾರೆಂದು ಪ್ರಸನ್ನ ಊರಲ್ಲೆಲ್ಲ ಹೇಳಿಕೊಂಡು ತಿರುಗಿದನಂತೆ. ದುಡಿಮೆ ಏನೂ ಇರಲಿಲ್ಲ. ಅನಿಲ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದ.

ಒಂದು ಸಂಜೆ ಫೋನ್ ಬಂತು. ಎತ್ತಿದರೆ ನಮ್ಮವರು.

"ಏನೇ, ಇವತ್ತೂ ಇಷ್ಟು ಹೊತ್ತಾ? ಅನ್ನ ಆರಿ ಕಲ್ಲಾಯ್ತು."

"ಏನ್ ಮಾಡ್ಲಿ ರೀ, ರಿಲೀವರ್ ಬಂದಿಲ್ಲ."

"ಅಯ್ಯೋ, ಹಂಗಾದ್ರೆ ಸರಿ. ಬಿಟ್ಟು ಬರ್ಬೇಡ" ಎಂದು ಇಟ್ಟುಬಿಟ್ಟರು.

ರೇಖಾಳ ಕಿವಿ ಚುರುಕು. "ಯಾರ್ ಬಂದಿಲ್ಲ ಆಂಟಿ?" ಎಂದಳು. ನಾನು ವಿವರಿಸಿದೆ. ಅವಳು ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಹೊಟ್ಟೆ ಹಿಡಿದುಕೊಂಡಳು. ಮಾತಾಡದ ಅನಿಲ ಕೂಡ ಕುರ್ಚಿ ಹಿಂದಕ್ಕೆ ತಳ್ಳಿ ನಕ್ಕುಬಿಟ್ಟ. ಪ್ರಸನ್ನನ ಮುಖ ನೋಡುವ ಹಾಗಿತ್ತು. ಅವನ ಶ್ರಮಜೀವಿ ಕಂಪನಿ ಒಂದು ಗಳಿಗೆಯಲ್ಲಿ ಕರಗಿಹೋಗಿತ್ತು.

"ಮೇಡಂ, ಸಾಫ್ಟ್‌ವೇರಲ್ಲಿ ರಿಲೀವರ್ ಅಂತೆಲ್ಲ ಇರಲ್ಲ."

"ಹಾಗಾದ್ರೆ ಸಾರ್, ಆರು ಗಂಟೆ ಮೇಲೆ ಫೋನ್ ಬಂದ್ರೆ?"

"ರಿಂಗಾಗುತ್ತೆ. ಅಷ್ಟೇ."

ನನಗೆ ಅದು ಸರಿಬರಲಿಲ್ಲ. ಮಾರನೆಯ ದಿನ ಆರಕ್ಕೆ ಎದ್ದು ಹೋಗಿ ಅನಿಲನ ಮೇಜಿನ ಪಕ್ಕ ನಿಂತೆ. ಅವನ ಮನೆ ಅಲ್ಲೇ ಹಿಂದಿನ ರಸ್ತೆಯಲ್ಲಿ, ನಿಜವಾಗಿಯೂ ತಡವಾಗಿ ಹೋಗುವವನು ಅವನೊಬ್ಬನೇ. ಫೋನನ್ನು ಅವನ ಮುಂದಿಟ್ಟು, "ಚಾರ್ಜ್ ತಗೊಳಪ್ಪ" ಎಂದೆ. ಅವನು ಹಾವು ಕಂಡಂತೆ ಸರಿದ. ನಾನು ನಿಂತೇ ಇದ್ದೆ. ಅವನು ತಲೆಯಾಡಿಸಿದ. ತಲೆಯಾಡಿಸಿದರೆ ನಡೆಯುವುದಿಲ್ಲ, ಬಾಯಿಬಿಟ್ಟು ಹೇಳಬೇಕು ಎಂದೆ. ನನ್ನ ಬಸ್ಸಿನ ಹೊತ್ತಾಗುತ್ತಿತ್ತು, ಅವನ ಕಿವಿ ಕೆಂಪಾಗುತ್ತಿತ್ತು. ಕಡೆಗೆ, "ತಗೊಂಡೆ ಮೇಡಂ" ಎಂದ. ನಾನು ಸೇರಿದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಆವತ್ತಿನಿಂದ ದಿನಾ ಹಾಗೆಯೇ. ಬಂದ ಫೋನ್ ಅವನು ಎತ್ತುತ್ತಿದ್ದನೋ ಇಲ್ಲವೋ ದೇವರೇ ಬಲ್ಲ, ನಾನು ಮಾತ್ರ ಹಗುರಾಗಿ ಮನೆಗೆ ಹೋಗುತ್ತಿದ್ದೆ.

ಇನ್ನು ಕೆಲಸದ ವಿಷಯ. ಪ್ರಸನ್ನ ನನಗೊಂದು ಇಂಗ್ಲಿಷ್ ಸ್ವಾಗತ ಬರೆದುಕೊಟ್ಟಿದ್ದ. ಶುಭೋದಯ, ಕಂಪನಿಯ ಉದ್ದದ ಹೆಸರು, ಕರೆ ಮಾಡಿದ್ದಕ್ಕೆ ಧನ್ಯವಾದ, ನಾನು ಹೇಗೆ ನೆರವಾಗಲಿ, ಎಲ್ಲ ಸೇರಿ ಅದೊಂದು ಮಂತ್ರ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನಾಗರಾಜಪ್ಪನವರು "ರಾಂಗ್ ನಂಬರ್, ರಾಂಗ್ ನಂಬರ್" ಎಂದು ಇಡುತ್ತಿದ್ದರು. ಮೂರು ಸಲ ಹಾಗಾದ ಮೇಲೆ ನಾಲ್ಕನೇ ಸಲ ನಾನು "ನಮಸ್ಕಾರ, ಎಕ್ಸ್‌ಚೇಂಜ್" ಎಂದೆ. "ಹಾಂ, ಈಗ ಸಿಕ್ಕಿದ್ರಿ ನೋಡಿ!" ಎಂದರು. ಅಲ್ಲಿಗೆ ಮಂತ್ರ ಮುಗಿಯಿತು.

ಈ ನಾಗರಾಜಪ್ಪನವರ ಲ್ಯಾಬಿನಲ್ಲಿ ಕಂಪ್ಯೂಟರ್ ಇತ್ತು, ಫೋನ್ ಇರಲಿಲ್ಲ. ಫೋನ್ ಇದ್ದದ್ದು ರಸ್ತೆಯಾಚೆ ಶಬ್ಬೀರ್ ಸಾಹೇಬರ ಎಸ್‌ಟಿಡಿ ಬೂತಿನಲ್ಲಿ. ಹಾಗಾಗಿ ಸಪೋರ್ಟ್ ಹೇಗೆ ನಡೆಯುತ್ತಿತ್ತೆಂದರೆ, ನಾನು ಶಿವಮೊಗ್ಗದಿಂದ ಹೇಳಬೇಕು, ಸಾಹೇಬರು ಬೂತಿನ ಬಾಗಿಲಿಗೆ ಬಂದು ಕೂಗಬೇಕು, ನಾಗರಾಜಪ್ಪನವರು ಲ್ಯಾಬಿನ ಕಿಟಕಿಯಿಂದ ಕೇಳಿ ಒತ್ತಬೇಕು.

"ಎಂಟರ್ ಒತ್ತೋಕೆ ಹೇಳಿ ಸಾಹೇಬ್ರೇ."

"ನಾಗರಾಜಣ್ಣಾ! ಎಂಟರ್ ಒತ್ತು ಅಂತಾರೆ! ಜಲ್ದಿ!"

"ಒತ್ತಿದೆ! ಹೆಸರು ಕೇಳ್ತಿದೆ!"

"ಹೆಸರು ಕೇಳ್ತೈತಂತೆ ಅಮ್ಮಾ!"

ನಡುವೆ ಬಸ್ಸು ಬಂದರೆ ಅದು ಹೋಗುವ ತನಕ ಎಲ್ಲರೂ ಕಾಯಬೇಕು. ಬಸ್‌ಸ್ಟಾಪಿನಲ್ಲಿ ನಿಂತ ಜನರಿಗೆಲ್ಲ ನಮ್ಮ ಸಾಫ್ಟ್‌ವೇರ್ ಬಾಯಿಪಾಠವಾಗಿತ್ತು. ಒಂದು ದಿನ ಒಬ್ಬ ಮೇಷ್ಟರ ರಕ್ತಪರೀಕ್ಷೆಯ ವರದಿಯನ್ನು ಹೀಗೇ ಕೂಗಿ ಕೂಗಿ ಸರಿಮಾಡಿದೆವು. ಅವತ್ತು ಸಂಜೆ ಮೇಷ್ಟರು ಹೋಟೆಲಿಗೆ ಹೋದರೆ ಕೇಳದೆಯೇ ಸಕ್ಕರೆ ಇಲ್ಲದ ಕಾಫಿ ಬಂತಂತೆ. ಅವರಿಗಿನ್ನೂ ವರದಿಯೇ ಕೈಸೇರಿರಲಿಲ್ಲ. ಆಮೇಲಿಂದ ಹೆಸರು, ಸಂಖ್ಯೆಗಳನ್ನು ಮಾತ್ರ ಕೂಗಬೇಡಿ ಎಂದು ಸಾಹೇಬರಿಗೆ ಆಣೆ ಹಾಕಿಸಿದೆ.

ನನ್ನ ಪೆದ್ದುತನ ಇವರಿಗಿಂತ ಕಡಿಮೆಯೇನೂ ಇರಲಿಲ್ಲ. ಸೇರಿದ ಹೊಸದರಲ್ಲಿ ಭದ್ರಾವತಿಯ ಲ್ಯಾಬಿನ ಹುಡುಗಿಯೊಬ್ಬಳು, ಕಂಪ್ಯೂಟರ್ ನಿಂತುಹೋಗಿದೆ, ಏನು ಒತ್ತಿದರೂ ಕೇಳುತ್ತಿಲ್ಲ ಎಂದಳು. ರೇಖಾ ಊಟಕ್ಕೆ ಹೋಗಿದ್ದಳು. ಎಕ್ಸ್‌ಚೇಂಜಿನಲ್ಲಿ ಬೋರ್ಡು ಬಿಸಿಯಾದರೆ ನಾವು ಮಾಡುತ್ತಿದ್ದದ್ದು ನೆನಪಾಗಿ, "ಪಾಪ, ಬೆಳಿಗ್ಗೆಯಿಂದ ದುಡಿದಿದೆ. ಆಫ್ ಮಾಡಿ ಅರ್ಧ ಗಂಟೆ ರೆಸ್ಟ್ ಕೊಡು" ಎಂದೆ. ಕೊಟ್ಟಳು, ಸರಿಹೋಯಿತು. ನನಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು. ಯಾರು ಏನು ಕೇಳಿದರೂ ಮೊದಲು ರೆಸ್ಟ್ ಕೊಡಿ ಎನ್ನತೊಡಗಿದೆ. ಕೆಲವು ವಾರದ ನಂತರ ಪ್ರಸನ್ನ ಲ್ಯಾಬುಗಳ ಸುತ್ತ ಹೊರಟ. ಎಲ್ಲಿ ಹೋದರೂ ಮಧ್ಯಾಹ್ನ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿತ್ತು. ಯಾಕೆಂದು ಕೇಳಿದರೆ, "ಮಲಗಿದೆ ಸಾರ್. ನಿಮ್ಮ ಆಫೀಸಿನ ಅಮ್ಮೋರು ಹೇಳಿದಾರೆ" ಎಂದರಂತೆ. ಹಿಂದಿರುಗಿದವನು ನನಗೆ ಏನೂ ಅನ್ನಲಿಲ್ಲ. ರೇಖಾಳನ್ನು ಕರೆದು, ಮೇಡಂಗೆ ದಿನಾ ಒಂದು ಗಂಟೆ ಕಂಪ್ಯೂಟರ್ ಕಲಿಸು ಎಂದ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೇ, ಒಂದು ಸಲ ಫಲಿಸಿದ ಮದ್ದನ್ನು ಊರಿಗೆಲ್ಲ ಹಂಚುವ ಮೊದಲು ಪಕ್ಕದ ಕುರ್ಚಿಯವರನ್ನು ಕೇಳಿ. ಅವರು ನಗುತ್ತಾರೆ, ಆದರೆ ಹೇಳಿಕೊಡುತ್ತಾರೆ.

ರೇಖಾ ಒಳ್ಳೆಯ ಗುರು. ತಪ್ಪು ಮಾಡಿದರೆ "ಅಯ್ಯೋ ಆಂಟೀ" ಎಂದು ರಾಗ ಎಳೆಯುತ್ತಿದ್ದಳು. ಅವಳಿಗೆ ಬದಲಿಗೆ ನಾನು ಬೈಯುವವರ ಜೊತೆ ಮಾತಾಡುವುದನ್ನು ಕಲಿಸಿದೆ. ಅದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಬೈಯುವವರೂ ಉಸಿರು ತೆಗೆದುಕೊಳ್ಳಲೇಬೇಕು, ಅಲ್ಲಿಯ ತನಕ ಸುಮ್ಮನಿರಬೇಕು, ಆಗ "ಊಟ ಆಯ್ತಾ?" ಎಂದು ಕೇಳಬೇಕು.

ಆರನೆಯ ತಿಂಗಳಲ್ಲಿ ಪ್ರಸನ್ನ ಒಂದು ಪೆಟ್ಟಿಗೆ ತಂದ. ಆನ್ಸರಿಂಗ್ ಮಷೀನ್. ಫೋನ್ ಬಂದರೆ ಅದೇ ಎತ್ತಿ ಮಾತಾಡುತ್ತದೆ, ಹೇಳಿದ್ದನ್ನು ಟೇಪಿನಲ್ಲಿ ಹಿಡಿದಿಡುತ್ತದೆ, ಸಂಜೆ ಎಲ್ಲವನ್ನೂ ಕೇಳಿ ಒಬ್ಬೊಬ್ಬರಿಗೆ ತಿರುಗಿ ಫೋನ್ ಮಾಡಿದರಾಯಿತು, ಕೆಲಸಕ್ಕೆ ಒಂದು ಶಿಸ್ತು ಬರುತ್ತದೆ ಎಂದ. ನಾನು ಆ ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ಅದರಲ್ಲೂ ಒಂದು ಮಿಣುಕು ದೀಪವಿತ್ತು.

"ದನಿ ನಿಮ್ದೇ ಇರ್ಲಿ ಮೇಡಂ. ಜನಕ್ಕೆ ಅಭ್ಯಾಸ ಆಗಿದೆ" ಎಂದ. ಅವನು ಹೊಗಳಿದ್ದು. ನನಗೆ ಕೇಳಿಸಿದ್ದು ಬೇರೆ. ಹಿಂದಿನ ಸಲ ಮಷೀನು ನನ್ನ ಕುರ್ಚಿ ತೆಗೆದುಕೊಂಡಿತ್ತು, ಈ ಸಲ ದನಿಯನ್ನೂ ಕೇಳುತ್ತಿತ್ತು. ಆದರೂ ಗಂಟಲು ಸರಿಮಾಡಿಕೊಂಡು ಚೆನ್ನಾಗಿಯೇ ಹೇಳಿದೆ: "ನಮಸ್ಕಾರ. ನಿಮ್ಮ ಊರು, ಹೆಸರು, ತೊಂದರೆ ಏನು ಅಂತ ಶಬ್ದ ಬಂದ ಮೇಲೆ ಹೇಳಿ." ಎಕ್ಸ್‌ಚೇಂಜ್ ಎನ್ನಲಿಲ್ಲ.

ಅದಾದ ಮೇಲೆ ನನ್ನ ಕೆಲಸ ರಿಂಗಾಗುವ ಫೋನಿನ ಪಕ್ಕ ಸುಮ್ಮನೆ ಕೂರುವುದು. "ಎತ್ತಬೇಡಿ ಮೇಡಂ, ಅದೇ ಎತ್ತುತ್ತೆ." ನಾನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನನ್ನ ದನಿ ನನ್ನ ಮುಂದೆಯೇ ಜನರನ್ನು ಮಾತಾಡಿಸುತ್ತಿತ್ತು. ಬೂತಿನಿಂದ ಮಾಡುವವರಿಗೆ ಸಂಜೆ ತಿರುಗಿ ಮಾಡಿದರೆ ಯಾರು ಸಿಗುತ್ತಾರೆ ಸಾರ್ ಎಂದೆ. ನೋಡೋಣ ಮೇಡಂ, ಹೊಸದರಲ್ಲಿ ಹಾಗೆಯೇ ಎಂದ. ಆ ಸಂಜೆ ಆರು ಗಂಟೆಗೆ ಬ್ಯಾಗ್ ತಗುಲಿಸಿಕೊಂಡು ಎದ್ದೆ. ಚಾರ್ಜ್ ಕೊಡಲು ಏನಿತ್ತು? ಅನಿಲನ ಮೇಜಿನ ಕಡೆ ಹೋಗದೆ ಹೊರಗೆ ಬಂದೆ. ಚಪ್ಪಲಿ ಮೆಟ್ಟುವಾಗ ಅವನು ಬಾಗಿಲಿಗೆ ಬಂದು ನಿಂತದ್ದು ಕಂಡಿತು.

ಮನೆಯಲ್ಲಿ ನಮ್ಮವರು ಮುಖ ನೋಡಿಯೇ, "ಏನಾಯ್ತೇ?" ಎಂದರು. "ಇಲ್ಲೂ ಬೀರು ಬಂತು ಕಣ್ರೀ, ಸ್ವಲ್ಪ ಚಿಕ್ಕದು" ಎಂದೆ. ಆರು ತಿಂಗಳಾಗಲು ಇನ್ನು ಮೂರು ವಾರ ಉಳಿದಿತ್ತು.

ಆ ವಾರದ ಟೇಪುಗಳನ್ನು ಪ್ರಸನ್ನ ಎಲ್ಲರ ಮುಂದೆ ಹಾಕುತ್ತಿದ್ದ. ಜನ ಮಷೀನಿಗೆ ತೊಂದರೆ ಹೇಳುತ್ತಿರಲಿಲ್ಲ. ನನ್ನ ಜೊತೆ ಮಾತಾಡಿ, ಉತ್ತರಕ್ಕೆ ಕಾಯುತ್ತಿದ್ದರು. ಭದ್ರಾವತಿಯ ಹುಡುಗಿ, "ಆಂಟಿ, ರೆಸ್ಟ್ ಕೊಡ್ಲಾ?" ಎಂದು ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ಸರಿ, ಕೊಡ್ತೀನಿ" ಎಂದು ಇಟ್ಟಿದ್ದಳು. ನಾಗರಾಜಪ್ಪನವರದು ಬೇರೆಯೇ. ಮೊದಲ ದಿನ: "ಅಮ್ಮಾ, ನಾನು ನಾಗರಾಜಪ್ಪ. ರಿಪೋರ್ಟ್ ಬರ್ತಿಲ್ಲ. ಅಮ್ಮಾ? ಕೇಳ್ತಿದ್ಯಾ?" ಎರಡನೇ ದಿನ: "ಅಮ್ಮಾ, ಯಾಕ್ ಮಾತಾಡ್ತಿಲ್ಲ? ಹುಷಾರಿಲ್ವಾ?" ಹಿಂದಿನಿಂದ ಶಬ್ಬೀರ್ ಸಾಹೇಬರು: "ಅರೇ, ಮೀಟರ್ ಓಡ್ತಾ ಇದೆ ಅಣ್ಣಾ, ಅಮ್ಮೋರು ಒಂದೇ ಮಾತು ಹೇಳಿ ಚುಪ್ ಆಗ್ತಾರೆ!" ಮೂರನೇ ದಿನ ದನಿ ಇಳಿದಿತ್ತು: "ನಾನು ಬೈದಿದ್ದು ನಿಮಗಲ್ಲಮ್ಮ. ಬೇಜಾರು ಮಾಡ್ಕೋಬೇಡಿ." ರೇಖಾ ನಗುತ್ತಿದ್ದವಳು ನಗು ನಿಲ್ಲಿಸಿದಳು. ಪ್ರಸನ್ನ ತಿರುಗಿ ಬೂತಿಗೆ ಮಾಡಿದರೆ ಸಂಜೆಯ ಹೊತ್ತು ಲ್ಯಾಬಿಗೆ ಬೀಗ ಬಿದ್ದಿರುತ್ತಿತ್ತು.

ಮಾರನೆಯ ದಿನ ಹನ್ನೊಂದರ ಸುಮಾರಿಗೆ ಮೆಟ್ಟಿಲಲ್ಲಿ ದಢದಢ ಸದ್ದಾಯಿತು. ಪಂಚೆ ಎತ್ತಿ ಕಟ್ಟಿದ, ಐವತ್ತರ ಆಸುಪಾಸಿನ ಒಬ್ಬರು ಜಮಖಾನದಲ್ಲಿ ಸುತ್ತಿದ ದೊಡ್ಡ ಗಂಟು ಹೊತ್ತು ಒಳಗೆ ಬಂದರು. ಹಿಂದೆ ಆಟೊ ಡ್ರೈವರ್ ಇನ್ನೊಂದು ಗಂಟು ತಂದ. ನಾನು ಅವರ ಮುಖ ಯಾವತ್ತೂ ನೋಡಿರಲಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು, ಗಂಟು ಇಳಿಸಿ, ಬೆವರು ಒರೆಸಿಕೊಂಡು, "ಇಲ್ಲಿ ಎಕ್ಸ್‌ಚೇಂಜ್ ಅಮ್ಮ ಯಾರು?" ಎಂದರು.

ದನಿಯಿಂದಲೇ ಗುರುತು ಸಿಕ್ಕಿತು. "ನಾನೇ, ನಾಗರಾಜಪ್ಪನವ್ರೇ" ಎಂದೆ.

"ಮಾತು ಬರುತ್ತಲ್ಲ ತಾಯಿ! ಮತ್ಯಾಕೆ ನನ್ನ ಜೊತೆ ಮಾತು ಬಿಟ್ರಿ?" ಎಂದರು. ಅವರ ಕಣ್ಣು ನಿಜವಾಗಿ ತುಂಬಿತ್ತು. ಅದು ನಾನಲ್ಲ, ಮಷೀನು ಎಂದು ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಮೂರು ದಿನ ಕ್ಷಮೆ ಕೇಳಿದ್ನಾ ನಾನು?" ಎಂದರು.

ಗಂಟು ಬಿಚ್ಚಿದರು. ಇಡೀ ಕಂಪ್ಯೂಟರ್, ಸ್ಟೆಬಿಲೈಸರ್, ಮೇಜಿಗೆ ಹಾಸುವ ಬಟ್ಟೆ ಸಮೇತ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಅನಿಲ ಎಲ್ಲ ಜೋಡಿಸಿ ಹಾಕಿದ. ಕಂಪ್ಯೂಟರ್ ಚಿನ್ನದಂತೆ ನಡೆಯಿತು. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಪ್ರಸನ್ನ, "ಪ್ರಿಂಟರ್ ಎಲ್ಲಿ?" ಎಂದು ಕೇಳುವುದಕ್ಕೂ ಫೋನ್ ರಿಂಗಾಗುವುದಕ್ಕೂ ಸರಿಹೋಯಿತು.

ನನ್ನ ಕೈ ತೊಡೆಯ ಕೆಳಗೆ ಹೋಯಿತು. ಪ್ರಸನ್ನ ಮಷೀನನ್ನು ನೋಡಿದ. ಮಷೀನು ಎತ್ತುವ ಮೊದಲೇ, ಫೋನೆಂದರೆ ಹಾವೆನ್ನುವ ಅನಿಲ ಎದ್ದು ಬಂದು ರಿಸೀವರ್ ಎತ್ತಿ, ಕಿವಿಗೂ ಇಡದೆ, ನನ್ನ ಮುಂದೆ ಹಿಡಿದ.

"ನಿಮಗೆ, ಮೇಡಂ."

ಹಿಡಿದುಕೊಂಡೆ. "ನಮಸ್ಕಾರ, ಎಕ್ಸ್‌ಚೇಂಜ್."

"ಯಾ ಅಲ್ಲಾ, ಅಮ್ಮೋರು ಮಾತಾಡಿದ್ರು!" ಶಬ್ಬೀರ್ ಸಾಹೇಬರು. "ನಾಗರಾಜಣ್ಣ ಬಂದು ಸೇರಿದ್ರಾ? ಪ್ರಿಂಟರ್ ನನ್ಹತ್ರಾನೇ ಬಿಟ್ಟು ಹೋಗಿದಾರೆ."

ಪ್ರಿಂಟರಿನ ಮುಚ್ಚಳ ತೆಗೆಯಲು ಹೇಳಿದೆ. ರೇಖಾ ಪಕ್ಕದಲ್ಲಿ ನಿಂತು ಒಂದೊಂದೇ ಹೇಳಿಕೊಟ್ಟಳು, ನಾನು ಸಾಹೇಬರಿಗೆ ದಾಟಿಸಿದೆ. ಒಳಗೆ ಉರುಳೆಗೆ ಸುತ್ತಿಕೊಂಡಿದ್ದ ಕಾಗದವನ್ನು ಸಾಹೇಬರು ಎಳೆದು ತೆಗೆದರು. ಕಂಪ್ಯೂಟರ್ ಶಿವಮೊಗ್ಗದಲ್ಲಿ, ಕೆಟ್ಟ ಪ್ರಿಂಟರ್ ಹೊಳೆಹೊನ್ನೂರಿನಲ್ಲಿ, ರಿಪೇರಿ ಮಾಡಿದವರು ಬೂತಿನವರು. ನಮ್ಮ ಕಂಪನಿಯ ದೊಡ್ಡ ಸಾಧನೆಗಳಲ್ಲಿ ಇದೂ ಒಂದು ಎಂದು ಪ್ರಸನ್ನನೇ ಮುಂದೆ ಹೇಳಿ ನಗುತ್ತಿದ್ದ. ನಾಗರಾಜಪ್ಪನವರಿಗೆ ಕೆಳಗಿನ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿ, ಗಂಟು ಕಟ್ಟಿ, ಬಸ್ಸು ಹತ್ತಿಸಿದೆವು.

ಪ್ರಸನ್ನ ಮಷೀನಿನ ಪ್ಲಗ್ ಎಳೆದು ಬೀರುವಿನ ಮೇಲಿಟ್ಟ. ನನಗೆ ತಡೆಯಲಾಗಲಿಲ್ಲ. "ಸಾರ್, ಎರಡು ವಾರಕ್ಕೆ ಆರು ತಿಂಗಳು ತುಂಬುತ್ತೆ" ಎಂದೆ.

"ತುಂಬ್ಲಿ ಬಿಡಿ ಮೇಡಂ" ಎಂದ. "ನಿಮಗೆ ರಿಲೀವರ್ ಎಲ್ಲಿಂದ ತರ್ಲಿ ನಾನು?"

ಆ ಸಂಜೆ ಆರಕ್ಕೆ ಅನಿಲನೇ ತಲೆಯೆತ್ತಿ ಕಾಯುತ್ತಿದ್ದ. ನಾನು ಹತ್ತಿರ ಹೋಗುವ ಮೊದಲೇ, "ತಗೊಂಡೆ ಮೇಡಂ" ಎಂದ.

ಆಮೇಲೆ ಏನೇನೋ ಬಂತು. ನಾಗರಾಜಪ್ಪನವರ ಲ್ಯಾಬಿಗೆ ಸ್ವಂತ ಫೋನ್ ಬಂತು, ಬಸ್‌ಸ್ಟಾಪಿನ ಜನಕ್ಕೆ ಬೇಸರವಾಯಿತು. ಮೊಬೈಲ್ ಬಂದು ಸಾಹೇಬರು ಬೂತನ್ನು ರೀಚಾರ್ಜ್ ಅಂಗಡಿ ಮಾಡಿದರು. ಇಂಟರ್‌ನೆಟ್ ಬಂದು, ಶಿವಮೊಗ್ಗದಲ್ಲಿ ಕೂತೇ ಅನಿಲ ಸಾಗರದ ಕಂಪ್ಯೂಟರನ್ನು ಸರಿಮಾಡುವಂತಾಯಿತು. ರೇಖಾ ಮದುವೆಯಾಗಿ ದಾವಣಗೆರೆಗೆ ಹೋದಳು, ಈಗಲೂ ಫೋನ್ ಮಾಡಿದರೆ "ಅಯ್ಯೋ ಆಂಟೀ" ಎಂದೇ ಶುರು. ಕಂಪನಿ ಒಮ್ಮೆ ಹಿಗ್ಗಿತು, ಒಮ್ಮೆ ಕುಗ್ಗಿತು. ಪಾತ್ರೆ ಅಂಗಡಿಯ ಮಹಡಿ ಮಾತ್ರ ಬಿಡಲಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಸಕ್ರೆಬೈಲಿಗೆ ಹೋಗಿ ಆನೆ ಸ್ನಾನ ನೋಡಿ ಬರುತ್ತಿದ್ದೆವು. ಅಲ್ಲಿಗೆ ಹೋಗುವ ದಿನ ಫೋನ್ ಯಾರು ನೋಡುತ್ತಾರೆಂದು ನಾನು ಪ್ರತಿ ವರ್ಷ ಜಗಳ ತೆಗೆಯುತ್ತಿದ್ದೆ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪ್ರಸನ್ನನ ಕೂದಲು ಆಗಲೇ ಅಲ್ಲಲ್ಲಿ ನೆರೆತಿತ್ತು, ಅವನು ಭಾಷಣ ಶುರುಮಾಡಿ ಅರ್ಧಕ್ಕೇ ಕೂತುಬಿಟ್ಟ. ಆರು ಗಂಟೆಯಾಯಿತು. ಎಲ್ಲರೂ ನಾನು ಏಳಲಿ ಎಂದು ನಿಂತಿದ್ದರು. ನಾನು ಏಳಲಿಲ್ಲ. ಎಕ್ಸ್‌ಚೇಂಜಿನ ಆ ಮಧ್ಯಾಹ್ನ ನೆನಪಾಗಿತ್ತು. ಆಗ ಅನಿಲ ಬಂದು ನನ್ನ ಬೆನ್ನ ಹಿಂದೆ ನಿಂತ. ಅವನು ಆ ಹೊತ್ತಿಗೆ ಎಲ್ಲ ಪ್ರೋಗ್ರಾಂ ಹುಡುಗರ ಮೇಲಿನವನು. ನನ್ನ ಹೆಗಲ ಮೇಲಿಂದ ಬಗ್ಗಿ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಚಾರ್ಜ್ ತಗೊಂಡೆ ಮೇಡಂ. ನೀವು ಹೊರಡಿ."

ಎದ್ದೆ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿರುವಾಗ ಫೋನ್ ರಿಂಗಾಯಿತು. ಕೈ ಮುಂದೆ ಹೋಯಿತು, ತಡೆದುಕೊಂಡೆ. ಒಳಗಿನಿಂದ ಅನಿಲನ ದನಿ ಕೇಳಿಸಿತು, ಇನ್ನೂ ಸ್ವಲ್ಪ ನಾಚಿಕೆಯ ದನಿ: "ನಮಸ್ಕಾರ, ಎಕ್ಸ್‌ಚೇಂಜ್."

ಕೆಳಗೆ ನಮ್ಮವರು ಸ್ಕೂಟರ್ ಮೇಲೆ ಕೂತು ಕಾಯುತ್ತಿದ್ದರು. ಹಣ್ಣಿನ ಬುಟ್ಟಿಯನ್ನು ಇಸಿದುಕೊಂಡು ಕಾಲ ಹತ್ತಿರ ಇಟ್ಟುಕೊಳ್ಳುತ್ತ ಕೇಳಿದರು.

"ರಿಲೀವರ್ ಬಂದ್ರಾ?"

"ಬಂದ್ರು ಕಣ್ರೀ" ಎಂದೆ. "ನಡೀರಿ, ಹೋಗೋಣ."